ಹಾಡಿ ನೋಡಿ, ಆಮೇಲೆ ಬಿಡಿಸಿ

ತತ್ವಪದಗಳ ಪುಸ್ತಕ ತೆರೆದರೆ ಪಲ್ಲವಿ ಒಂದೇ ಸಲ ಅಚ್ಚಾಗಿರುತ್ತದೆ. ಪಕ್ಕದಲ್ಲಿ ‘ಪ’ ಎಂಬ ಗುರುತು, ಕೆಳಗಿನ ನುಡಿಗಳಿಗೆ ಒಂದು, ಎರಡು, ಮೂರು ಎಂಬ ಅಂಕಿ. ಓದುವವರು ಪಲ್ಲವಿಯನ್ನು ಒಮ್ಮೆ ಓದಿ ಕೆಳಗಿಳಿಯುತ್ತಾರೆ, ಮತ್ತೆ ಮೇಲೆ ಹತ್ತುವುದಿಲ್ಲ. ಅದೇ ಪದವನ್ನು ಜೇವರ್ಗಿ ಕಡೆಯ ಊರಿನ ಗುಡಿ ಕಟ್ಟೆಯ ಮೇಲೆ, ರಾತ್ರಿ ಭಜನೆಯಲ್ಲಿ ಕೇಳಿ. ಒಂದೊಂದು ನುಡಿ ಮುಗಿದಾಗಲೂ ಪಲ್ಲವಿ ಮರಳಿ ಬರುತ್ತದೆ. ಮುಂದೆ ಕೂತವರು ಎತ್ತಿಕೊಡುತ್ತಾರೆ, ಹಿಮ್ಮೇಳದವರು ಹಿಡಿಯುತ್ತಾರೆ, ತಾಳ ಏರುತ್ತದೆ. ಪಲ್ಲವಿ ಒಂದು ಪ್ರಶ್ನೆಯಾಗಿದ್ದರೆ ಮೊದಲ ಸಲ ಅದು ಬರೀ ಪ್ರಶ್ನೆ. ಎರಡನೇ ನುಡಿ ಕೇಳಿದ ಮೇಲೆ ಅದೇ ಮಾತು ಚುಚ್ಚುತ್ತದೆ. ನಾಲ್ಕನೆಯ ನುಡಿಯ ಹೊತ್ತಿಗೆ ಅದು ಕೇಳುವವನ ಮೈಮೇಲೇ ಬಂದಿರುತ್ತದೆ. ಅಕ್ಷರ ಒಂದೂ ಬದಲಾಗಿಲ್ಲ, ಅರ್ಥ ಮಾತ್ರ ಬೆಳೆಯುತ್ತ ಹೋಗಿದೆ.

ಕವಿಯ ಕೌಶಲ ಅಂದರೆ ಇದೇ. ‘ಇಲ್ಲಿ ಪುನರುಕ್ತಿ ಇದೆ’ ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ಹೆಸರು ಹೇಳಿದಂತಾಯಿತು, ಬಿಡಿಸಿದಂತಾಗಲಿಲ್ಲ. ಮರಳಿ ಬಂದ ಸಾಲು ಪ್ರತಿ ಸಲ ಏನು ಕೆಲಸ ಮಾಡಿತು ಎಂದು ಹೇಳಿದಾಗ ಪದ್ಯ ಬಿಚ್ಚಿಕೊಳ್ಳುತ್ತದೆ. ನಮ್ಮ ಪರೀಕ್ಷೆಗಳಲ್ಲಿ ‘ಅಲಂಕಾರ ಗುರುತಿಸಿ ಲಕ್ಷಣದೊಂದಿಗೆ ಸಮನ್ವಯಗೊಳಿಸಿ’, ‘ಪ್ರಸ್ತಾರ ಹಾಕಿ ಗಣ ವಿಂಗಡಿಸಿ’, ‘ಸಂದರ್ಭದೊಂದಿಗೆ ಸ್ವಾರಸ್ಯ ಬರೆಯಿರಿ’ ಎಂಬ ಮೂರು ಪ್ರಶ್ನೆಗಳು ಒಂದಕ್ಕೊಂದು ಪರಿಚಯವೇ ಇಲ್ಲದಂತೆ ಕೂತಿರುತ್ತವೆ. ಮಕ್ಕಳು ಮೊದಲೆರಡಕ್ಕೆ ಪೂರ್ತಿ ಅಂಕ ತೆಗೆದು, ಮೂರನೆಯದಕ್ಕೆ ಗೈಡಿನ ಮೊರೆ ಹೋಗುತ್ತಾರೆ. ಇದು ನನ್ನನ್ನು ಬಹಳ ದಿನದಿಂದ ಕಾಡಿದ ಸಂಗತಿ. ಸ್ವಾರಸ್ಯ ಇರುವುದೇ ಆ ಮೊದಲೆರಡರ ಒಳಗೆ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ವಿದ್ಯಾರ್ಥಿಗಳನ್ನು, ಅವರಿಗೆ ಕನ್ನಡ ಕಲಿಸುವವರನ್ನು ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ ಕಾವ್ಯವಲ್ಲ, ಕಾವ್ಯವನ್ನು ಹೇಗೆ ಕಟ್ಟಬೇಕು, ಹೇಗೆ ನೋಡಬೇಕು ಎಂದು ಹೇಳುವ ಪುಸ್ತಕ. ಅದು ಹುಟ್ಟಿದ್ದು ಇದೇ ಕಲಬುರಗಿ ಜಿಲ್ಲೆಯಲ್ಲಿ. ಸುಮಾರು ಕ್ರಿ.ಶ. 850ರಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ರಚಿಸಿದ. ಆಗಿನ ರಾಜಧಾನಿ ಮಾನ್ಯಖೇಟವೇ ಈಗಿನ ಸೇಡಂ ತಾಲ್ಲೂಕಿನ ಮಳಖೇಡ. ದಂಡಿಯ ‘ಕಾವ್ಯಾದರ್ಶ’ವನ್ನು ಮುಂದಿಟ್ಟುಕೊಂಡರೂ ಶ್ರೀವಿಜಯ ಕಣ್ಣಿಟ್ಟಿದ್ದು ಕನ್ನಡದ ಜಾಯಮಾನದ ಮೇಲೆ. ಓದು ಕಲಿಯದ ಈ ನಾಡಿನ ಜನರೂ ಕಾವ್ಯಪ್ರಯೋಗದಲ್ಲಿ ಪಳಗಿದವರು ಎಂದು ಆತ ಹೇಳಿದ್ದನ್ನು ವೇದಿಕೆಗಳ ಮೇಲೆ ಹೆಮ್ಮೆಯಿಂದ ನೆನೆಯುತ್ತೇವೆ. ತರಗತಿಯಲ್ಲಿ ಅದೇ ಜನರ ಮಕ್ಕಳಿಗೆ ‘ನಿಮ್ಮ ಭಾಷೆ ಶುದ್ಧವಿಲ್ಲ’ ಎನ್ನುತ್ತೇವೆ.

ಅದೇ ಗ್ರಂಥದ ಒಂದು ಹೋಲಿಕೆಯನ್ನು ಬಿಡಿಸಿ ನೋಡೋಣ. ಸಂಸ್ಕೃತ, ಕನ್ನಡ ಎರಡೂ ಪದಗಳನ್ನು ತಿಳಿವಳಿಕೆ ಇಲ್ಲದೆ ಒಂದೇ ಸಮಾಸದಲ್ಲಿ ಬೆಸೆದರೆ ಹೇಗಿರುತ್ತದೆ? ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎನ್ನುತ್ತಾನೆ ಶ್ರೀವಿಜಯ. ‘ಇದು ಉಪಮಾಲಂಕಾರ; ಉಪಮೇಯ ಸಮಾಸ, ಉಪಮಾನ ಹಾಲು–ಮಜ್ಜಿಗೆ’ ಎಂದು ಬರೆದು ಕೈ ತೊಳೆದುಕೊಳ್ಳಬಹುದು. ಆದರೆ ಒಂದು ಕ್ಷಣ ನಿಂತು ಕೇಳಿ: ಹಾಲಿಗೆ ವಿಷ ಬೆರೆಸಿದಂತೆ ಎಂದು ಏಕೆ ಹೇಳಲಿಲ್ಲ? ಹಾಗೆಂದಿದ್ದರೆ ಎರಡು ಭಾಷೆಗಳಲ್ಲಿ ಒಂದು ಕೆಟ್ಟದ್ದು ಎಂದಾಗುತ್ತಿತ್ತು. ಹಾಲೂ ಒಳ್ಳೆಯದು, ಮಜ್ಜಿಗೆಯೂ ಒಳ್ಳೆಯದು. ಮಜ್ಜಿಗೆ ಹುಟ್ಟಿದ್ದೂ ಹಾಲಿನಿಂದಲೇ. ಕೆಡುವುದು ಬೆರೆಸಿದ ಹೊತ್ತು, ಬೆರೆಸಿದ ರೀತಿ. ಆರಿದ ಹಾಲಿಗೆ ಅದೇ ಹನಿ ಬಿದ್ದರೆ ಹೆಪ್ಪಾಗಿ ಮೊಸರಾಗುತ್ತದೆ, ಕುದಿಯುವಾಗ ಬಿದ್ದರೆ ಒಡೆಯುತ್ತದೆ. ಒಂದು ವ್ಯಾಕರಣದ ಮಾತನ್ನು ಒಲೆಯ ಮುಂದೆ ಕೂತ ಯಾರಿಗಾದರೂ ಅರ್ಥವಾಗುವಂತೆ ಮಾಡಿದ್ದು ಆ ಆಯ್ಕೆ. ಯಾವ ಹೋಲಿಕೆ ಎದುರಾದರೂ ಹೀಗೇ ಕೇಳಿ: ಇದರ ಬದಲು ಇನ್ನೇನು ಬರಬಹುದಿತ್ತು, ಅದು ಬಂದಿದ್ದರೆ ಏನು ಕಳೆದುಹೋಗುತ್ತಿತ್ತು? ಉಪಮೆ, ರೂಪಕ, ಉತ್ಪ್ರೇಕ್ಷೆ ಎಂಬ ಹೆಸರುಗಳಿಗಿಂತ ಈ ಒಂದು ಪ್ರಶ್ನೆ ಹೆಚ್ಚು ದೂರ ಕರೆದೊಯ್ಯುತ್ತದೆ.

ಮೂರು ಸಾಲಿನ ಅಭ್ಯಾಸ

ಪಾಠಕ್ಕೆಂದು ನಾನೇ ಕಟ್ಟಿದ ಮೂರು ಸಾಲು ಇಲ್ಲಿವೆ. ಕಾವ್ಯವೆಂದು ಮೆಚ್ಚಬೇಕಿಲ್ಲ, ಕೈ ಪಳಗಲು ಸಾಕು.

ಕಣದ ನಡುವೆ ಮೇಟಿ ಒಂಟಿ ನಿಂತಿದೆ,
ಹೆಣೆದ ಹಗ್ಗ ಗೂಟದಲ್ಲಿ ತೂಗಿದೆ;
ಎತ್ತಿನ ಹೆಜ್ಜೆಯೊಳಗೆ ಮಳೆ ನೀರು.

ಮೊದಲು ಬಾಯಿಬಿಟ್ಟು ಓದಿ, ಮನಸ್ಸಿನಲ್ಲಿ ಬೇಡ. ತೊಡೆಯ ಮೇಲೆ ತಾಳ ಹಾಕಿ. ಮೊದಲ ಸಾಲು ‘ಕಣದ–ನಡುವೆ–ಮೇಟಿ–ಒಂಟಿ’ ಎಂದು ಮೂರು ಮೂರು ಮಾತ್ರೆಗೆ ಕಾಲಿಡುತ್ತ ಹೋಗಿ, ‘ನಿಂತಿದೆ’ ಎಂಬ ನಾಲ್ಕಕ್ಕೆ ನಿಲ್ಲುತ್ತದೆ. ಎರಡನೆಯದೂ ಹಾಗೆಯೇ. ಅನುಮಾನ ಬಂದರೆ ಪ್ರಸ್ತಾರ ಹಾಕಿ ನೋಡಿ. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಅನುಸ್ವಾರ ಇದ್ದದ್ದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು. ಎರಡೂ ಸಾಲುಗಳಿಗೆ 16 ಮಾತ್ರೆ ಬರುತ್ತದೆ. ಎರಡೂ ಸಾಲುಗಳ ಎರಡನೇ ಅಕ್ಷರ ಣಕಾರ, ಅದರ ಹಿಂದಿನ ಅಕ್ಷರ ಎರಡರಲ್ಲೂ ಲಘು. ಅದೇ ಆದಿಪ್ರಾಸ. ಕನ್ನಡ ಕವಿಗಳು ಯತಿಯನ್ನು ಬದಿಗಿಟ್ಟು ಪ್ರಾಸಕ್ಕೆ ಒಲಿದರೆಂದು ಕವಿರಾಜಮಾರ್ಗವೇ ಹೇಳುತ್ತದೆ. ಅಷ್ಟು ಹಳೆಯ ಮೋಹ ಇದು.

ಈಗ ಮೂರನೆಯ ಸಾಲು. ‘ಎತ್ತಿನ’ ಅಂದ ಕೂಡಲೇ ನಾಲ್ಕು ಮಾತ್ರೆ. ಮೂರರ ನಡೆ ಎಡವಿತು. ಣಕಾರದ ಪ್ರಾಸವೂ ಹೋಯಿತು. ಮೊದಲೆರಡು ಸಾಲು ಕ್ರಿಯಾಪದದಿಂದ ಮುಗಿದಿದ್ದವು. ಇಲ್ಲಿ ಕ್ರಿಯಾಪದವೇ ಇಲ್ಲ. ಒಂದೇ ಕಡೆ ಮೂರು ಕಟ್ಟು ಮುರಿದರೆ ಕವಿ ನಿಮ್ಮನ್ನು ಅಲ್ಲಿ ನಿಲ್ಲಿಸಿದ್ದಾನೆ ಎಂದರ್ಥ. ಏಕೆ ನಿಲ್ಲಿಸಿದ?

ನೆಲವನ್ನು ನೋಡಿ. ಬಡಿದು ಸಾರಿಸಿದ ಗಟ್ಟಿ ಕಣದ ಮೇಲೆ ಎತ್ತಿನ ಹೆಜ್ಜೆ ಆಳವಾಗಿ ಮೂಡುವುದಿಲ್ಲ. ಮೂಡಿ ನೀರು ನಿಂತಿದೆ ಅಂದರೆ ಎರಿ ಭೂಮಿ ನೆನೆದು ಹಸಿಯಾಗಿದ್ದಾಗ ಎತ್ತು ನಡೆದು ಹೋಗಿದೆ. ಅಂದರೆ ಮಳೆ ಬಿದ್ದ ಮೇಲೆ, ಬಿತ್ತುವ ಹೊತ್ತಿನಲ್ಲೇ ಹೋಗಿದೆ. ಹೋದ ಎತ್ತಿನ ಹಗ್ಗ ಮಾತ್ರ ಗೂಟದಲ್ಲಿದೆ. ಎತ್ತು ಮಾರುವವರು ಹಗ್ಗ ಉಳಿಸಿಕೊಳ್ಳುವ ರೂಢಿ ಗೊತ್ತಿದ್ದವರಿಗೆ ಎರಡನೇ ಸಾಲಿನಲ್ಲೇ ಎದೆ ಧಸಕ್ಕೆಂದಿರುತ್ತದೆ. ‘ಮಾರಿದ’, ‘ಸಾಲ’, ‘ದುಃಖ’ ಎಂಬ ಮಾತು ಎಲ್ಲೂ ಬಂದಿಲ್ಲ. ಹೇಳದೆ ಹೊಮ್ಮಿದ ಈ ಅರ್ಥವನ್ನು ನಮ್ಮ ಕಾವ್ಯಮೀಮಾಂಸೆ ಧ್ವನಿ ಎನ್ನುತ್ತದೆ. ಕಾಶ್ಮೀರದ ಆನಂದವರ್ಧನ 9ನೇ ಶತಮಾನದಲ್ಲಿ ‘ಧ್ವನ್ಯಾಲೋಕ’ ಬರೆದು ಅದನ್ನೇ ಕಾವ್ಯದ ಆತ್ಮವೆಂದ. ಸರಿಸುಮಾರು ಅದೇ ಕಾಲದ ನಮ್ಮ ಕವಿರಾಜಮಾರ್ಗದಲ್ಲೂ ಧ್ವನಿಯ ಮಾತು ಬರುತ್ತದೆ, ಅಲಂಕಾರಗಳಲ್ಲಿ ಒಂದಾಗಿ.

ಒಂದು ಎಚ್ಚರಿಕೆ: ಸಾಲು ಮೂರಾದ ಮಾತ್ರಕ್ಕೆ ಇದು ತ್ರಿಪದಿಯಲ್ಲ.

ಹಂತಿಯ ಕಾಲು, ಹಾಡಿನ ಕಾಲು

ತ್ರಿಪದಿಗೆ ಬೇರೆಯೇ ಲೆಕ್ಕ. ಅದು ಅಂಶಗಣದ ಮಟ್ಟು. ಮೊದಲ ಸಾಲಿಗೆ ನಾಲ್ಕು ಗಣ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಒಟ್ಟು 11. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವೆಲ್ಲ ವಿಷ್ಣುಗಣ. ಇಷ್ಟನ್ನು ಬಾಯಿಪಾಠ ಮಾಡಿದವರು ಸಾಕಷ್ಟು ಮಂದಿ. ಈ ಲೆಕ್ಕ ಕಿವಿಗೆ ಏನು ಮಾಡುತ್ತದೆ ಎಂದು ಗಮನಿಸಿದವರು ಕಡಿಮೆ. ಎರಡನೇ ಸಾಲಿನ ಎರಡನೇ ಗಣದಲ್ಲಿ, ಮೂರನೇ ಸಾಲಿನ ಎರಡನೇ ಗಣದಲ್ಲಿ ನಡೆ ತುಸು ತಗ್ಗುತ್ತದೆ. ಅಲ್ಲಿ ದನಿ ಎಳೆಯಲು ಜಾಗ ಸಿಗುತ್ತದೆ. ಮೂರನೆಯ ಸಾಲಿಗೆ ಒಂದು ಗಣವೇ ಕಡಿಮೆ. ಇನ್ನೊಂದು ಹೆಜ್ಜೆ ಇದೆ ಎಂದು ಕಿವಿ ಕಾಯುತ್ತಿರುವಾಗ ಮಾತು ಮುಗಿದುಬಿಡುತ್ತದೆ. ಗರತಿ ತವರಿನ ಕಡೆಗಿನ ಬಯಕೆ ಹೇಳುವಾಗ ಆ ಕೊರತೆ ಎಷ್ಟು ಕೆಲಸ ಮಾಡುತ್ತದೆ, ಯೋಚಿಸಿ.

ಹಾಡುವಾಗ ಎರಡನೇ ಸಾಲನ್ನೋ ಅದರ ಒಂದು ಭಾಗವನ್ನೋ ಮತ್ತೊಮ್ಮೆ ತಿರುವಿ ಮೂರನೆಯದಕ್ಕೆ ದಾಟುತ್ತಾರೆ. ಬೀಸುಕಲ್ಲಿನ ಮುಂದೆ ಎದುರಾಬದುರಾ ಕೂತ ಇಬ್ಬರಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹಿಡಿಯಲು ಈ ತಿರುವು ಬೇಕು. ಮುಂದಿನ ಸಾಲು ನೆನಪಿಗೆ ಬರುವಷ್ಟು ಬಿಡುವೂ ಬೇಕು. ಹಂತಿಯ ಹಾಡಿನಲ್ಲೂ ಅಷ್ಟೇ. ಮೇಟಿಯ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ರಾತ್ರಿಯಿಡೀ ತೆನೆ ತುಳಿಸುವಾಗ ಹಾಡು ನಿದ್ದೆಯನ್ನು ದೂರವಿಡಬೇಕು, ಎತ್ತಿನ ಹೆಜ್ಜೆಗೂ ಹೊಂದಬೇಕು. ರಾಶಿಗೆ ಮಷಿನ್ ಬಂದ ಮೇಲೆ ಹಂತಿ ನಿಂತಿತು, ಅದರೊಂದಿಗೆ ಹಾಡೂ ಕಣ ಬಿಟ್ಟಿತು. ಹಾಗಾಗಿ ಈಗ ಪುಟದ ಮೇಲೆ ಹಂತಿಪದ ಓದುವವರು ಆ ಸುತ್ತನ್ನು ಮನಸ್ಸಿನಲ್ಲಾದರೂ ಕಟ್ಟಿಕೊಳ್ಳಬೇಕು. ಇಲ್ಲದಿದ್ದರೆ ‘ಹೇಳಿದ್ದನ್ನೇ ಹೇಳುತ್ತಾರೆ’ ಎನಿಸುತ್ತದೆ.

ನೆರೆಯ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಆ ಸೀಮೆಯ ಮಾತಿಗೂ ಅಫಜಲಪುರದ ಮಾತಿಗೂ ಹೆಚ್ಚು ದೂರವಿಲ್ಲ. ಅಂಥ ಸಂಕಲನ ಕೈಗೆ ಬಂದಾಗ ಒಂದನ್ನು ನೋಡಿ: ಸಂಪಾದಕರು ಆಡುಮಾತನ್ನು ಉಳಿಸಿದ್ದಾರೋ, ತಿದ್ದಿದ್ದಾರೋ? ಇದು ಬರೀ ಅಭಿಮಾನದ ಪ್ರಶ್ನೆಯಲ್ಲ. ನಮ್ಮ ಕಡೆ ‘ಹೋಗ್ಯಾನ’ ಅನ್ನುತ್ತೇವೆ. ಐದು ಮಾತ್ರೆ. ಪುಸ್ತಕದ ಕನ್ನಡದಲ್ಲಿ ‘ಹೋಗಿದ್ದಾನೆ’ ಎಂದು ತಿದ್ದಿದರೆ ಏಳಾಗುತ್ತದೆ. ಅಂಶಗಣ ಎಷ್ಟೇ ಸಡಿಲವಿದ್ದರೂ ಎರಡು ಮಾತ್ರೆ ಎಲ್ಲಿಂದಲೋ ಬಂದು ತುರುಕಿಕೊಂಡರೆ ಹಾಡುವವರ ಉಸಿರು ಕಟ್ಟುತ್ತದೆ. ‘ಮಳೆ’ಯನ್ನು ‘ಮಳಿ’, ‘ಮನೆ’ಯನ್ನು ‘ಮನಿ’ ಎನ್ನುವಲ್ಲಿ ಮಾತ್ರೆ ಬದಲಾಗುವುದಿಲ್ಲ, ಆದರೆ ಸಾಲಿನ ಕೊನೆಯ ನಾದ ಬದಲಾಗುತ್ತದೆ. ‘ಮನಿ’ಗೆ ಕೂಡುವ ‘ದನಿ’ ‘ಮನೆ’ಗೆ ಕೂಡುವುದಿಲ್ಲ. ಒಂದು ಜನಪದ ಗೀತೆ ಪುಸ್ತಕದಲ್ಲಿ ಕುಂಟುತ್ತಿದ್ದರೆ ತಪ್ಪು ಹಾಡಿದವರದ್ದೆಂದು ತಿಳಿಯುವ ಮೊದಲು ನಿಮ್ಮ ಮನೆಯ ಮಾತಿನಲ್ಲಿ ಓದಿ ನೋಡಿ. ಕಲಬುರಗಿ ಸೀಮೆಯ ಮಕ್ಕಳಿಗೆ ಈ ಕೆಲಸದಲ್ಲಿ ಬೇರೆ ಯಾರಿಗೂ ಇಲ್ಲದ ಅನುಕೂಲವಿದೆ: ಅವರ ಬಾಯಿಯೇ ಮೂಲಪಾಠಕ್ಕೆ ಹತ್ತಿರ.

ವಚನಕ್ಕೆ ಬೇರೆ ಕೀಲಿ

ವಚನದಲ್ಲಿ ಮಾತ್ರೆ ಎಣಿಸಲು ಹೊರಟರೆ ಕೈಗೆ ಏನೂ ಸಿಗುವುದಿಲ್ಲ. ಅಲ್ಲಿ ಲಯ ಹುಟ್ಟುವುದು ವಾಕ್ಯದ ಅಚ್ಚಿನಿಂದ. ಜೇವರ್ಗಿಯ ಷಣ್ಮುಖ ಶಿವಯೋಗಿಯನ್ನೇ ತೆಗೆದುಕೊಳ್ಳಿ. 17ನೇ ಶತಮಾನದವರು, ಬಸವಣ್ಣನವರ ಕಾಲಕ್ಕೆ ಸುಮಾರು ಐನೂರು ವರ್ಷ ಈಚಿನವರು. ‘ಅಖಂಡೇಶ್ವರಾ’ ಎಂಬ ಅಂಕಿತದಲ್ಲಿ ಅವರು ಬರೆದ ಏಳುನೂರರಷ್ಟು ವಚನಗಳು ಉಳಿದಿವೆ. 12ನೇ ಶತಮಾನದೊಂದಿಗೆ ವಚನ ಮುಗಿಯಿತೆಂದು ತಿಳಿದವರು ಇವರನ್ನು ಓದಲೇಬೇಕು.

ವಚನ ಬಿಡಿಸುವಾಗ ನಾನು ಮಾಡುವುದು ಇಷ್ಟು. ಒಂದೇ ಅಚ್ಚಿನ ವಾಕ್ಯಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳುತ್ತೇನೆ. ಎರಡು, ಮೂರು, ನಾಲ್ಕು ಹೋಲಿಕೆಗಳು ಒಂದೇ ಹೊಲಿಗೆಯಲ್ಲಿ ಬರುತ್ತವೆ. ಆಮೇಲೆ ಒಂದು ಕಡೆ ಅಚ್ಚು ಬದಲಾಗುತ್ತದೆ, ಮಾತು ಲೋಕದಿಂದ ತನ್ನ ಕಡೆಗೋ ದೇವರ ಕಡೆಗೋ ತಿರುಗುತ್ತದೆ. ಆ ತಿರುವಿನ ಕೆಳಗೆ ಗೆರೆ ಎಳೆಯಿರಿ. ವಚನದ ಭಾರವೆಲ್ಲ ಸಾಮಾನ್ಯವಾಗಿ ಅಲ್ಲಿರುತ್ತದೆ. ಕೊನೆಗೆ ಅಂಕಿತವನ್ನು ಬೆರಳಿನಿಂದ ಮುಚ್ಚಿ ಓದಿ. ಅದಿಲ್ಲದಿದ್ದರೆ ವಚನ ಉಪದೇಶದ ಮಾತಾಗಿ ಕೇಳುತ್ತದೆ. ಬೆರಳು ತೆಗೆದರೆ ಅದೇ ಮಾತು ಒಬ್ಬರ ಮುಂದೆ ಒಬ್ಬರು ನಿಂತು ಆಡಿದ ಮಾತಾಗುತ್ತದೆ. ಅಂಕಿತವನ್ನು ಕವಿಯ ಸಹಿ ಎಂದಷ್ಟೇ ಹೇಳಿಕೊಟ್ಟರೆ ಮಕ್ಕಳಿಗೆ ಇದು ತಪ್ಪಿಹೋಗುತ್ತದೆ.

ಯಾರು, ಯಾರಿಗೆ ಹೇಳುತ್ತಿದ್ದಾರೆ ಎಂಬ ಪ್ರಶ್ನೆಗೆ ಆಳಂದವೂ ಒಳ್ಳೆಯ ಪಾಠ ಕೊಡುತ್ತದೆ. ಶರಣ ಏಕಾಂತದ ರಾಮಯ್ಯ ಆಳಂದದವನು. ತಲೆ ಅರಿದುಕೊಂಡು ಮರಳಿ ಪಡೆದನೆಂಬ ಆತನ ಕಥೆ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲೂ ಇದೆ, ಹರಿಹರನ ‘ಏಕಾಂತರಾಮಿತಂದೆಯ ರಗಳೆ’ಯಲ್ಲೂ ಇದೆ. ಶಾಸನ ದಾನವನ್ನು ದಾಖಲಿಸಬೇಕು, ಮುಂದಿನವರು ಅದನ್ನು ಅಳಿಸದಂತೆ ಸಾಕ್ಷಿ ನಿಲ್ಲಿಸಬೇಕು. ರಗಳೆಗೆ ಭಕ್ತಿಯ ಆವೇಶವೇ ಗುರಿ, ಅದರ ಓಟವೂ ಅದಕ್ಕೆ ತಕ್ಕಂತೆ. ಕಥೆ ಒಂದೇ ಇದ್ದು ರೂಪ ಎರಡಾದಾಗ ಯಾವುದನ್ನು ಹಿಗ್ಗಿಸಿದ್ದಾರೆ, ಯಾವುದನ್ನು ಒಂದೇ ಮಾತಿನಲ್ಲಿ ದಾಟಿದ್ದಾರೆ ಎಂದು ಪಕ್ಕಪಕ್ಕ ಇಟ್ಟು ನೋಡಿದರೆ ಕವಿಯ ಆಯ್ಕೆ ಕಣ್ಣಿಗೆ ಕಾಣುತ್ತದೆ.

ಬೆಡಗಿನ ಬೀಗ

ಕಡಕೋಳ ಮಡಿವಾಳಪ್ಪ ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ. ಹೆಸರಾದದ್ದು ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿದ ಕಡಕೋಳದಲ್ಲಿ. 19ನೇ ಶತಮಾನದ ಮೊದಲರ್ಧದಲ್ಲಿ ಇವರ ಸುತ್ತ ಕೂಡಿದ ಶಿಷ್ಯರಲ್ಲಿ ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಇದ್ದರು. ಹೆಸರುಗಳನ್ನು ಓದಿದರೇ ಆ ಕೂಟ ಎಂಥದ್ದೆಂದು ತಿಳಿಯುತ್ತದೆ. ಮೈಲಿಗೆ, ಮಡಿ, ಜಾತಿಗಳನ್ನು ಮಡಿವಾಳಪ್ಪ ನೇರವಾಗಿ ಕೆಣಕಿದ ಪದಗಳು ಇವತ್ತಿಗೂ ಭಜನೆಗಳಲ್ಲಿ ಬಿಸಿಯಾಗಿವೆ. ಅವನ್ನು ಬಿಡಿಸುವುದು ಕಷ್ಟವಲ್ಲ. ಕಷ್ಟವಾಗುವುದು ಬೆಡಗಿನ ಪದಗಳು: ಲೋಕದ ನಿಯಮ ತಲೆಕೆಳಗಾದ ಚಿತ್ರಗಳು, ಒಗಟಿನಂಥ ಅಂಕಿಗಳು.

ಇಲ್ಲಿ ಸಾಮಾನ್ಯವಾಗಿ ಹೇಳಿಕೊಡುವ ಉಪಾಯ ಒಂದು ಪಟ್ಟಿ. ಐದು ಬಂದರೆ ಇಂದ್ರಿಯ, ಆರು ಬಂದರೆ ಕಾಮಕ್ರೋಧಾದಿ ವೈರಿಗಳು, ಎಂಟಕ್ಕೆ ಮದ, ಒಂಬತ್ತಕ್ಕೆ ದೇಹದ ಬಾಗಿಲು. ಪಟ್ಟಿ ಬೇಕು, ಆದರೆ ಅದು ಬೀಗದ ಕೈ ಮಾತ್ರ. ಕೀಲಿ ತಿರುಗಿಸಿ ಒಳಗೆ ಹೋಗದೆ ‘ಐದು ಎಂದರೆ ಪಂಚೇಂದ್ರಿಯ’ ಎಂದು ಬರೆದು ಬಂದವರೇ ಹೆಚ್ಚು. ಐದು ಇಂದ್ರಿಯಗಳನ್ನು ಐದು ಎತ್ತು ಎಂದರೆ ದುಡಿಯುತ್ತವೆ, ಐವರು ಕಳ್ಳರು ಎಂದರೆ ದೋಚುತ್ತವೆ, ಐದು ಮಕ್ಕಳು ಎಂದರೆ ಸಾಕಬೇಕಾಗುತ್ತದೆ. ಅಂಕಿ ಒಂದೇ, ಅವುಗಳೊಂದಿಗೆ ಮನುಷ್ಯನ ಸಂಬಂಧ ಮೂರು ಬಗೆ. ಪದಕಾರ ಯಾವುದನ್ನು ಆರಿಸಿದ ಎಂಬಲ್ಲಿ ಅವನ ದರ್ಶನವಿದೆ. ಇನ್ನೊಂದು ಮಾತು: ಕಿವಿಗೆ ಮೊದಲು ಬೀಳುವ ವಿಚಿತ್ರ ಚಿತ್ರವನ್ನು ಬೇಗ ಬೇಗ ವೇದಾಂತಕ್ಕೆ ತಿರುಗಿಸಬೇಡಿ. ಅದರ ಎದುರು ಬೆರಗಾಗಿ ಸ್ವಲ್ಪ ಹೊತ್ತು ಕೂಡಿ. ಬೆಡಗು ಎಂಬ ಹೆಸರು ಸುಮ್ಮನೆ ಬಂದಿದ್ದಲ್ಲ.

ಮಾತಿನ ಬೆರಕೆಯನ್ನೂ ನೋಡಬೇಕು. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಸೀಮೆ, ಆಡಳಿತದ ಕೊನೆಯ ದಶಕಗಳ ಭಾಷೆ ಉರ್ದು. ಪಕ್ಕದಲ್ಲಿ ಮರಾಠಿ, ಇನ್ನೊಂದು ಪಕ್ಕದಲ್ಲಿ ತೆಲುಗು. ತತ್ವಪದದಲ್ಲಿ ಹುಕುಂ, ಕಚೇರಿ, ಖಬರು ಎಂಬಂಥ ಮಾತು ಬಂದರೆ ‘ಅನ್ಯದೇಶ್ಯ ಪದ’ ಎಂದು ಗುರುತಿಸಿ ಮುಂದೆ ಹೋಗಬೇಡಿ. ಸರಕಾರದ ಮಾತನ್ನು ದೇಹಕ್ಕೋ ದೇವರಿಗೋ ಹಚ್ಚಿದಾಗ ಯಾರ ಅಧಿಕಾರ ದೊಡ್ಡದೆಂದು ಪದಕಾರ ಹೇಳುತ್ತಿದ್ದಾನೆ ಎಂದು ಕೇಳಿಕೊಳ್ಳಿ. ಮೊಹರಂನ ರಿವಾಯತ್ ಪದಗಳಲ್ಲೂ ಇದೇ ಪ್ರಶ್ನೆ ಫಲ ಕೊಡುತ್ತದೆ: ಕರ್ಬಲಾದ ಮರಳನ್ನು ಕನ್ನಡದ ಗಾಯಕ ಯಾವ ಮಾತಿನಿಂದ ತನ್ನ ಊರಿನ ಅಲಾಯಿ ಕುಣಿಯ ಹತ್ತಿರ ತಂದ?

ಉತ್ತರ ಬರೆಯುವಾಗ, ಪದ ಕೂಡಿಸುವಾಗ

ಪರೀಕ್ಷೆಗೆ ಬರೆಯುವವರು ಒಂದು ಪದ್ಯಕ್ಕೆ ಎಲ್ಲ ಅಲಂಕಾರಗಳನ್ನೂ ಹಚ್ಚಲು ಹೋಗಬೇಡಿ. ನಿಮ್ಮನ್ನು ನಿಲ್ಲಿಸಿದ ಒಂದು ಜಾಗ ಹಿಡಿಯಿರಿ, ಅದು ಶಬ್ದದಲ್ಲಿದೆಯೋ ಚಿತ್ರದಲ್ಲಿದೆಯೋ ಮೌನದಲ್ಲಿದೆಯೋ ಹೇಳಿ, ಅಲ್ಲಿಂದ ಇಡೀ ಪದ್ಯಕ್ಕೆ ದಾರಿ ಮಾಡಿ. ‘ಕವಿ ಮನೋಜ್ಞವಾಗಿ ವರ್ಣಿಸಿದ್ದಾರೆ’ ಎಂಬ ವಾಕ್ಯವನ್ನು ಬರೆಯುವುದನ್ನೇ ಬಿಡಿ. ಯಾವ ಪದ್ಯದ ಕೆಳಗೆ ಇಟ್ಟರೂ ಹೊಂದುವ ವಾಕ್ಯ ಯಾವ ಪದ್ಯದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಹೆಚ್ಚು ಓದುವ ಆಸೆ ಇದ್ದವರಿಗೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಇದೆ. ರಸ, ಧ್ವನಿ, ಔಚಿತ್ಯಗಳ ವಿಚಾರವನ್ನು ಅಷ್ಟು ತಿಳಿಯಾಗಿ ಹೇಳಿದ ಪುಸ್ತಕ ನಮ್ಮಲ್ಲಿ ವಿರಳ. ಛಂದಸ್ಸಿಗೆ ಡಿ.ಎಸ್. ಕರ್ಕಿಯವರ ‘ಕನ್ನಡ ಛಂದೋವಿಕಾಸ’ ಸಾಕು. ತತ್ವಪದಗಳನ್ನು ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ಸಂಪುಟಗಳಾಗಿ ತಂದಿದೆ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಅಲ್ಲಿಗೆ ಸೇರುವ ಮೊದಲೇ ಈ ಅಭ್ಯಾಸ ಶುರುಮಾಡಲು ಯಾರ ಅಪ್ಪಣೆಯೂ ಬೇಡ.

ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ಎಲ್ಲ ಪುಸ್ತಕಕ್ಕಿಂತ ಮೊದಲು ಅವರ ಹತ್ತಿರ ಕೂಡಿ. ‘ಆಯಿ, ಒಂದು ಪದಾ ಹೇಳು’ ಎಂದರೆ ಮೊದಲು ‘ಎಲ್ಲಾ ಮರ್ತೀನಿ ತಗೋ’ ಅನ್ನುತ್ತಾರೆ. ‘ಇದನ್ನ ಯಾವಾಗ ಹಾಡ್ತಿದ್ರಿ? ಯಾರ್ ಜೊತಿ ಕುಂತು ಹಾಡ್ತಿದ್ರಿ?’ ಎಂದು ಕೇಳಿ. ಕೆಲಸ ನೆನಪಾದರೆ ಕೈ ಆಡತೊಡಗುತ್ತದೆ, ಕೈ ಆಡಿದರೆ ಪದ ಬರುತ್ತದೆ. ಅವರನ್ನು ಕೇಳಿಯೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಬರೆದುಕೊಳ್ಳುವಾಗ ‘ಮನಿ’ ಅಂದದ್ದನ್ನು ‘ಮನೆ’ ಮಾಡಬೇಡಿ. ಎಲ್ಲಿ ದನಿ ಎಳೆದರೋ ಅಲ್ಲಿ ಒಂದು ಗೀಟು, ಎಲ್ಲಿ ಸಾಲು ತಿರುವಿದರೋ ಅಲ್ಲಿ ಎರಡು ಗೀಟು ಹಾಕಿ. ಅದರ ಕೆಳಗೆ ಗಣ ವಿಂಗಡಿಸಿ, ಬಲಕ್ಕೆ ನಿಮಗೆ ತೋಚಿದ ಅರ್ಥ ಬರೆಯಿರಿ. ಮರುದಿನ ಆ ಹಾಳೆ ಒಯ್ದು ಆಯಿಯ ಮುಂದೆ ಓದಿ. ‘ಹಂಗಲ್ಲ’ ಎಂದು ಅವರು ತಿದ್ದುವ ಮಾತನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಪಕ್ಕದಲ್ಲೇ ಬರೆದುಕೊಳ್ಳಿ.